ದಹಿಸರದ ಹೊಲದಲ್ಲಿ ಓಗೊಟ್ಟ ದನಿ

ದೆವ್ವ, ಗಾಳಿ ಎಂದು ಯಾರಾದರೂ ಮಾತು ತೆಗೆದರೆ ನಾನು ಕೇಳುತ್ತಿದ್ದ ಪ್ರಶ್ನೆ ಒಂದೇ: "ಅವತ್ತು ಊಟಕ್ಕೆ ಏನಿತ್ತು?" ಹೊಟ್ಟೆ ಕೆಟ್ಟವರಿಗೇ ಅಂಥದ್ದೆಲ್ಲ ಕಾಣುತ್ತದೆ ಎಂದು ನನ್ನ ಗಟ್ಟಿ ನಂಬಿಕೆ. ಈಗಲೂ ನಾನು ದೆವ್ವವನ್ನು ನಂಬುವವನಲ್ಲ. ಆದರೆ ಐವತ್ತರ ದಶಕದ ಒಂದು ಚಳಿಗಾಲದಲ್ಲಿ, ಒಳ್ಳೇ ಹಗಲಿನಲ್ಲಿ, ನನ್ನ ಬೆನ್ನ ಹಿಂದೆ ಕೇಳಿದ್ದನ್ನು ಏನೆಂದು ಕರೆಯಬೇಕೋ ತಿಳಿಯದೆ ಇಷ್ಟು ವರ್ಷ ಸುಮ್ಮನಿದ್ದೆ. ಓದಿದವರು ನಕ್ಕರೆ ನನಗೆ ಬೇಸರವಿಲ್ಲ, ನಾನೂ ಹಾಗೆಯೇ ನಗುತ್ತಿದ್ದವನು.

ಆಗ ನಾವು ಜೋಗೇಶ್ವರಿಯ ಒಂದು ಚಾಳಿನಲ್ಲಿದ್ದೆವು. ನಾನು ಧಾರವಾಡದ ಪೇಟೆಯಲ್ಲಿ ಬೆಳೆದವನು, ಮುಂಬಯಿಯಲ್ಲಿ ಗುಮಾಸ್ತ. ಹೆಂಡತಿ ನೀಲಾ ವಿಜಾಪುರದ ಕಡೆಯ ಒಕ್ಕಲುತನದ ಮನೆಯವಳು. ಅವಳ ತಮ್ಮ ಬಸು ಕೆಲಸ ಹುಡುಕಿಕೊಂಡು ಬಂದು ನಮ್ಮಲ್ಲೇ ಇದ್ದ. ಚಾಳಿನ ಅಂಗಳದಿಂದಲೇ "ಮಾಮಾ" ಎಂದು ನನ್ನನ್ನು ಕೂಗುವನು. ಕೊನೆಯ ಅಕ್ಷರವನ್ನು ಉದ್ದಕ್ಕೆ ಎಳೆದು, ನಗು ಬಂದವನಂತೆ ಥಟ್ಟನೆ ನುಂಗಿಬಿಡುವುದು ಅವನ ರೀತಿ. ಬಂದರಿನಲ್ಲಿ ಕೆಲಸ ಸಿಕ್ಕಿದೆ ಎಂದು ಒಂದು ಮುಂಜಾನೆ ಹೋದವನು ಮರಳಿ ಬರಲಿಲ್ಲ.

ಪೊಲೀಸ್ ಠಾಣೆ, ಆಸ್ಪತ್ರೆ, ಬಂದರು ಎಲ್ಲ ಅಲೆದೆವು. ಇದ್ದಾನೆಂದು ಹೇಳುವವರೂ ಇಲ್ಲ, ಹೋದನೆಂದು ಹೇಳುವವರೂ ಇಲ್ಲ. ವರ್ಷ ಕಳೆದರೂ ನೀಲಾ ಗ್ಯಾಲರಿಯಲ್ಲಿ ನಿಂತು ಸ್ಟೇಷನ್ನಿನಿಂದ ಬರುವವರ ಮುಖ ನೋಡುವುದನ್ನು ಬಿಡಲಿಲ್ಲ. ಅನ್ನ ಸೇರದು, ಮಾತು ಬೇಡ. ಕೊರಗಿ ಕೊರಗಿ ಇವಳೂ ಕೈ ತಪ್ಪಿ ಹೋಗುತ್ತಾಳೇನೋ ಎಂದು ನನಗೆ ದಿಗಿಲು ಹತ್ತಿತ್ತು.

ಆ ವರ್ಷ ಎಳ್ಳು ಅಮಾವಾಸ್ಯೆ ರವಿವಾರ ಬಂತು. "ಊರಾಗ ಇವತ್ತ ಮನ್ಯಾಗ ಯಾರೂ ಇರೂದಿಲ್ರೀ. ಎಲ್ಲಾರೂ ಹೊಲದಾಗ ಇರ್ತಾರ," ಎಂದು ಅವಳೇ ಬಾಯಿ ಬಿಟ್ಟಳು. ತಿಂಗಳುಗಳ ಮೇಲೆ ತಾನಾಗಿ ಆಡಿದ ಮಾತು! ನಾನು ಬಿಡುತ್ತೇನೆಯೇ? ಹೊಲ ನಮ್ಮದಲ್ಲದಿದ್ದರೇನು, ದಹಿಸರದಲ್ಲಿ ಬೇಕಾದಷ್ಟು ಹೊಲಗಳಿವೆ, ನಡೆ ಎಂದೆ. ಅವಳು ಸಜ್ಜಿರೊಟ್ಟಿ ಬಡಿದು, ಎಣ್ಣೆಗಾಯಿ ಮಾಡಿ, ಶೇಂಗಾಹೋಳಿಗೆ ಬೇಯಿಸಿ ಬುತ್ತಿ ಕಟ್ಟಿದಳು. ಪಕ್ಕದ ಖೋಲಿಯಲ್ಲಿದ್ದ ಉಡುಪಿಯ ಭಟ್ಟರು, ಮಾಟುಂಗದ ಹೋಟೆಲೊಂದರಲ್ಲಿ ಅಡುಗೆಯವರು, ನಮ್ಮ ಬುಟ್ಟಿ ನೋಡಿ ನಕ್ಕರು. "ಎಂತ ಮಾರಾಯ್ರೆ, ಮನೆಯ ಊಟ ಹೊತ್ತುಕೊಂಡು ಹೋಗಿ ಗದ್ದೆಯಲ್ಲಿ ಉಣ್ಣುವುದಾ?"

ಲೋಕಲ್‌ನಿಂದ ಇಳಿದಾಗ ದಹಿಸರದ ಹೊಳೆಯ ಮೇಲೆ ಇನ್ನೂ ಮಂಜಿತ್ತು. ಭತ್ತ ಕೊಯ್ದ ಗದ್ದೆಗಳಲ್ಲಿ ಅವರೆ ಹಾಕಿದ್ದರು. ಇಬ್ಬನಿಯಲ್ಲಿ ನೆನೆದ ಅವರೆಯ ಸೊಗಡು ಮೂಗಿಗೆ ಬಡಿದದ್ದೇ ತಡ, ನೀಲಾ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡು ಬದುವಿನ ಮೇಲೆ ನಡೆಯತೊಡಗಿದಳು. ತಣ್ಣನೆಯ ಗಾಳಿ, ಎಳೆ ಬಿಸಿಲು, ಹೊಳೆಯಂಚಿನಲ್ಲಿ ಬೆಳ್ಳಕ್ಕಿಗಳು. ಅವಳ ಕೆನ್ನೆಗೆ ಬಣ್ಣ ಬಂದಿತ್ತು. ಈ ಚಳಿಗೆ, ಈ ಬಯಲಿಗೆ ಕೈ ಮುಗಿಯಬೇಕು ಅನ್ನಿಸಿತು ನನಗೆ. ಗದ್ದೆಯ ಒಡತಿ, ಒಬ್ಬ ಮರಾಠಿ ಮುದುಕಿ, "ಬಸಾ, ಬಸಾ", ಕೂತುಕೊಳ್ಳಿ ಎಂದು, ಹುಣಿಸೆಮರದ ನೆರಳು ತೋರಿಸಿ ತನ್ನ ಮನೆಯತ್ತ ಹೋದಳು.

ಭೂಮಿತಾಯಿಗೆ ಎಡೆ ಮಾಡಿದ ಮೇಲೆ ಚರಗ ಚೆಲ್ಲಬೇಕು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಒಬ್ಬ ಎಲ್ಲ ಅಡುಗೆ ಕಲಸಿದ್ದನ್ನು ಬುಟ್ಟಿಯಲ್ಲಿ ಹಿಡಿದು, "ಹುಲ್ಲುಲ್ಲಿಗೋ" ಎಂದು ಕೂಗಿ ಬೀರುತ್ತ ಹೊಲದ ಸುತ್ತ ನಡೆಯುತ್ತಾನೆ. ಇನ್ನೊಬ್ಬ ಅವನ ಹಿಂದೆಯೇ "ಚಲ್ಲಂಬ್ರಿಗೋ" ಎಂದು ಓಗೊಟ್ಟು ತಂಬಿಗೆಯಿಂದ ನೀರು ಚಿಮುಕಿಸುತ್ತ ಬರುತ್ತಾನೆ. ಸುತ್ತು ಮುಗಿಯುವತನಕ ಮುಂದಿನವನು ಹಿಂದಿರುಗಿ ನೋಡಬಾರದೆಂಬುದು ನೀಲಾಳ ತವರಿನ ರೂಢಿ. ಅಲ್ಲಿ ಮುಂದೆ ಅವಳ ಅಪ್ಪ, ಹಿಂದೆ ಬಸು. ಇಲ್ಲಿ ನಾನು ಮುಂದೆ, ತಂಬಿಗೆ ಹಿಡಿದ ನೀಲಾ ಹಿಂದೆ.

ಪೇಟೆಯವನಿಗೆ ಹಾಗೆ ಕೂಗಲು ಮೊದಲು ನಾಚಿಕೆಯಾಯಿತು. ನನ್ನ ಮೊದಲ ಕೂಗಿಗೆ ಹಿಂದಿನಿಂದ ಉತ್ತರವಿಲ್ಲ. ಅವಳಿಗೂ ನಾಚಿಕೆ ಇರಬೇಕೆಂದುಕೊಂಡು ಎರಡನೆಯ ಬಾರಿ ಗಟ್ಟಿಯಾಗಿ ಕೂಗಿದೆ. "ಚಲ್ಲಂಬ್ರಿಗೋ" ಎಂದು ಉತ್ತರ ಬಂತು. ದನಿ ಒಡಕಾಗಿತ್ತು. ಮಾತೇ ಬಿಟ್ಟವಳ ಗಂಟಲು ಇನ್ನು ಹೇಗಿದ್ದೀತು ಎಂದು ಹಿಗ್ಗಿ, ಇನ್ನೂ ಜೋರಾಗಿ ಕೂಗುತ್ತ ನಡೆದೆ. ನಾನು ಕೂಗಿದಾಗಲೆಲ್ಲ ಹಿಂದಿನಿಂದ ಓಗೊಡುತ್ತಿತ್ತು. ಭತ್ತದ ಕೂಳೆ ತುಳಿಯುವ ಸಪ್ಪಳವೂ ಹಿಂದೆ ಕೇಳುತ್ತಿತ್ತು. ಒಮ್ಮೆ ನೀರಿನ ಹನಿ ನನ್ನ ಹಿಮ್ಮಡಿಗೆ ತಾಗಿತು. ಆಚೆಯ ಮೂಲೆ ದಾಟುವಾಗ ಮಾತ್ರ ಒಂದು ಸಂಗತಿ ಗಮನಕ್ಕೆ ಬಂತು. ಆ ದನಿ ಕೊನೆಯ ಅಕ್ಷರವನ್ನು ಎಳೆದು ಥಟ್ಟನೆ ನುಂಗುತ್ತಿತ್ತು. ತಮ್ಮನಂತೆಯೇ ಕೂಗುತ್ತಿದ್ದಾಳಲ್ಲ, ಒಡಹುಟ್ಟಿದವರು ತಾನೇ, ಎಂದುಕೊಂಡೆ.

ಕೊನೆಯ ತಿರುವಿನಲ್ಲಿ ಹುಣಿಸೆಮರ ಎದುರಿಗೆ ಬಂತು. ಮರದ ಬುಡದಲ್ಲಿ, ತಂಬಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ನೀಲಾ ಕೂತಿದ್ದಳು.

ನನ್ನ ಬಾಯಿಂದ ಕೂಗು ಹೊರಟುಹೋಗಿತ್ತು. ಅದಕ್ಕೂ ಉತ್ತರ ಬಂತು, ಮೊದಲಿಗಿಂತ ಹತ್ತಿರ, ಹೆಗಲ ಹಿಂದೆಯೇ. ನಾನು ತಿರುಗಿ ನೋಡಲಿಲ್ಲ. ರೂಢಿಗೆ ಅಂಜಿ ಅಲ್ಲ, ನನ್ನ ಕತ್ತು ತಿರುಗಲಿಲ್ಲ.

"ಯಾಕ್ರೀ, ಮಾರಿ ಹಿಂಗ್ಯಾಕ ಬೆಳ್ಳಗಾಗೇತಿ?" ಎಂದು ನೀಲಾ ಎದ್ದು ಬಂದಳು. "ನನ್ನಿಂದ ಆಗಲಿಲ್ರೀ. ಎರಡ ಹೆಜ್ಜಿ ಇಟ್ಟೆ. ಇದು ಬಸೂನ ಕೆಲಸ ಅನ್ನಿಸಿ ಕುಂತಬಿಟ್ಟೆ. ನೀವ ಒಬ್ಬರ ಕೂಗಿಕೋತ ಹೋದ್ರಿ."

ತಂಬಿಗೆ ತುಂಬಿತ್ತು. ಆಗ ಹಿಂದೆ ನೋಡಿದೆ. ಯಾರೂ ಇರಲಿಲ್ಲ. ಒಣಗಿದ ಬದುವಿನ ಮೇಲೆ ಅಲ್ಲಲ್ಲಿ ನೀರು ಚಿಮುಕಿಸಿದ ಗುರುತುಗಳಿದ್ದವು, ನೋಡುತ್ತಿದ್ದಂತೆ ಬಿಸಿಲಿಗೆ ಆರುತ್ತಿದ್ದವು.

ಹೇಳಬಾರದೆಂದೇ ಇದ್ದೆ, ಅವಳು ಬಿಡಲಿಲ್ಲ. ಹೇಳಿಬಿಟ್ಟೆ. ಅವಳು ಅಳಲಿಲ್ಲ. ನನ್ನ ಕೈಯಿಂದ ಬುಟ್ಟಿ ಕಸಿದುಕೊಂಡು, ತಾನೇ ಹೊಲದ ಸುತ್ತ ಹೊರಟಳು. "ಹುಲ್ಲುಲ್ಲಿಗೋ" ಎಂದು ಕೂಗುವಳು, ನಿಲ್ಲುವಳು, ಕಿವಿಗೊಡುವಳು. ಮತ್ತೆ ಕೂಗುವಳು. ಅವರೆಯ ಸಾಲುಗಳಿಂದ ಗಿಳಿಗಳು ಎದ್ದು ಹಾರಿದವು. ಬೇರೇನೂ ಕೇಳಲಿಲ್ಲ. ದನಿ ಬತ್ತಿದ ಮೇಲೆ ನಾನೇ ಹೋಗಿ ಅವಳನ್ನು ಕೈ ಹಿಡಿದು ಕರೆತಂದೆ.

ಪ್ರತಿಧ್ವನಿ ಇರಬೇಕೆಂದು ಭಟ್ಟರು ಸಮಾಧಾನ ಹೇಳಿದರು. ಪ್ರತಿಧ್ವನಿ ನಾವು ಕೂಗಿದ್ದನ್ನೇ ಹಿಂದಿರುಗಿಸುತ್ತದೆಯೇ ಹೊರತು ಅದರ ಜೋಡಿ ಮಾತನ್ನು ಕೂಗುತ್ತದೆಯೇ? ಒಡತಿ ಮುದುಕಿಗೆ ಕನ್ನಡ ಬರದು, ಸುತ್ತ ಬೇರೆ ನರಪಿಳ್ಳೆ ಇರಲಿಲ್ಲ. ಹೊಟ್ಟೆ ಕೆಟ್ಟದ್ದು ಎನ್ನೋಣವೆಂದರೆ ನಾವಿನ್ನೂ ಊಟಕ್ಕೇ ಕೂತಿರಲಿಲ್ಲ. ಬಸು ಬರಲಿಲ್ಲ. ಅವನ ಸುದ್ದಿಯೂ ಇಲ್ಲ. ಆ ದನಿಯನ್ನು ನೆಚ್ಚಿ ಅವನಿದ್ದಾನೆ ಎನ್ನಬೇಕೋ, ಇಲ್ಲ ಎನ್ನಬೇಕೋ, ನಮ್ಮಿಬ್ಬರಿಗೂ ಗೊತ್ತಾಗಲಿಲ್ಲ.

ನೀಲಾ ಮೆಲ್ಲಮೆಲ್ಲನೆ ಚೇತರಿಸಿಕೊಂಡಳು, ಮಕ್ಕಳಾದವು, ಮನೆ ತುಂಬಿತು. ನನ್ನ ಮೇಲೆ ಅವಳಿಗೆ ಬೇರೆ ದೂರಿಲ್ಲ. ವರ್ಷಕ್ಕೊಮ್ಮೆ, ಎಳ್ಳು ಅಮಾವಾಸ್ಯೆಯ ದಿನ ಎಲೆಯ ಮುಂದೆ ಕೂತಾಗ ಮಾತ್ರ, ನನ್ನ ಮುಖ ನೋಡದೆ ಒಂದು ಮಾತು ಆಡುತ್ತಾಳೆ: "ವರ್ಷಾನಗಟ್ಟಲೆ ದಾರಿ ಕಾದಾಕಿ ನಾನು. ಅಂವಾ ಓ ಅಂದದ್ದು ನಿಮಗ."