ಹಳೆಯ ಚಾರ್ಟಿನ ಕೊನೆಯ ಸಾಲು

ಮೆಡಿಕಲ್ ಸೀಟಿಗೆ ಎರಡು ಸಲ ಪರೀಕ್ಷೆ ಬರೆದು ಎರಡು ಸಲವೂ ಸಿಗದೆ ಹೋದ ಮೇಲೆ ಅರಸೀಕೆರೆಯಲ್ಲಿ ಬಿ.ಎಸ್ಸಿ. ಸೇರಿದೆ. ಅಳು ಬರಲಿಲ್ಲ. ಬೇರೆ ಆಸೆಯೂ ಹುಟ್ಟಲಿಲ್ಲ. ಎರಡನೇ ವರ್ಷದಲ್ಲಿ ಫಿಸಿಕ್ಸ್ ಲೆಕ್ಚರರ್, "ಡಿಗ್ರಿ ಮುಗಿಸಿ ಆಪ್ಟೊಮೆಟ್ರಿ ಮಾಡು. ಕಣ್ಣು ಪರೀಕ್ಷೆ ಮಾಡೋ ಕೋರ್ಸು. ಅಷ್ಟರೊಳಗೆ ಎಲ್ಲಾದ್ರೂ ಕೆಲಸ ನೋಡಿ ಕಲಿ" ಅಂದರು. ಆಗಲಿ ಅಂದೆ. ಯಾರು ಏನು ಹೇಳಿದರೂ ಆಗಲಿ ಅನ್ನುತ್ತಿದ್ದ ಕಾಲ ಅದು.

ಕಾಲೇಜು ಬಿಟ್ಟ ಮೇಲೆ ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಕನ್ನಡಕದ ಅಂಗಡಿಯಲ್ಲಿ ಎರಡು ಗಂಟೆ ಕೂರತೊಡಗಿದೆ. ಅಲ್ಲಿ ಕಣ್ಣು ನೋಡುತ್ತಿದ್ದ ಮೇಡಂ ಮಾತು ಕಮ್ಮಿ. ಲೆನ್ಸ್ ಒರೆಸುವುದು, ಅದರ ಪವರ್ ಅಳೆಯುವುದು, ಬಂದವರನ್ನು ಚಾರ್ಟಿನೆದುರು ಕೂರಿಸಿ ಅಕ್ಷರ ಓದಿಸುವುದು, ಇಷ್ಟನ್ನು ಕಲಿಸಿದರು. ಕೊಬ್ಬರಿ ಮಂಡಿಯವರು, ಮೇಷ್ಟ್ರುಗಳು, ಮದುವೆ ಗೊತ್ತಾದ ಹುಡುಗಿಯರು ಓದುವುದನ್ನು ಕೇಳಿ ಕೇಳಿ ಆ ಚಾರ್ಟು ನನಗೆ ಬಾಯಿಪಾಠವಾಗಿತ್ತು. ಕೊನೆಯ ಸಾಲು ಗ, ರ, ಟ, ಪ, ಲ.

ಹಾಳೆ ಅಂಚಿನಲ್ಲಿ ಹರಿದಿತ್ತು ಅಂತ ಒಂದು ಸೋಮವಾರ ತೆಗೆದು ಹೊಸದು ಹಾಕಿದೆ. ಅದೇ ವಾರ ನಮ್ಮ ಬಸ್ಸಿನ ಡ್ರೈವರ್ ಅಂಗಡಿಗೆ ಬಂದರು.

ಬೇಲೂರಿಂದ ಅರಸೀಕೆರೆಗೆ ಬರುವ ಪ್ರೈವೇಟ್ ಬಸ್ಸು. ನಮ್ಮೂರು ಹಳೇಬೀಡಿನಲ್ಲಿ ನಾನು ಓಡಿ ಬರುವುದು ಕಂಡರೆ ಹಾರ್ನ್ ಹೊಡೆದು ಕಾಯುತ್ತಿದ್ದರು. ಪಕ್ಕದ ಮಾದಿಹಳ್ಳಿಯವರು. ಟ್ರಿಪ್ಪಿನ ನಡುವೆ ನಮ್ಮ ಅಂಗಡಿ ಬಾಗಿಲಲ್ಲಿ ನಿಂತು ಜನ ಚಾರ್ಟು ಓದುವುದನ್ನು ಕೇಳುತ್ತಿದ್ದುದೂ ಉಂಟು.

"ಲೈಸೆನ್ಸ್ ರಿನೀವಲ್ ಐತೆ ಕಣವ್ವ. ಕಣ್ಣು ಸರಿಯಾಗೈತೆ ಅಂತ ಒಂದು ಚೀಟಿ ಬೇಕು."

ಮೇಡಂ ಒಳಗೆ ಬೇರೆಯವರನ್ನು ನೋಡುತ್ತಿದ್ದರು. ಡ್ರೈವರನ್ನು ನಾನೇ ಕೂರಿಸಿ ಬಲಗಣ್ಣು ಮುಚ್ಚಿಸಿದೆ. ಎಡಗಣ್ಣಲ್ಲಿ ಗಡಗಡನೆ ಓದಿದರು, ಎಲ್ಲೂ ತಡವರಿಸದೆ, ಕೊನೆಗೆ "ಗ, ರ, ಟ, ಪ, ಲ" ಅಂದರು. ಗೋಡೆಯ ಮೇಲಿದ್ದ ಅಕ್ಷರಗಳೇ ಬೇರೆ.

"ಈಗ ಕೈ ತೆಗೀರಿ," ಅಂದೆ.

ಬಲಗಣ್ಣು ಬಿಟ್ಟು ನೋಡಿದರು. "ಹೊಸ್ದು ಹಾಕಿದ್ದೀರಾ?" ಅಂತ ಕೇಳಿದರು. ಅದುವರೆಗೆ ಅವರು ನನಗೆ ಬಹುವಚನ ಹಚ್ಚಿರಲಿಲ್ಲ.

"ಹೂಂ."

"ಇದೊಂದ್ಸಲ ಬರ್ದುಬಿಡವ್ವ. ಮಗಳ ಓದು ಇನ್ನೊಂದು ವರ್ಸ ಐತೆ."

ನಾನು ಬರೆಯಲಿಲ್ಲ. ಎದ್ದು ಒಳಗೆ ಹೋಗಿ, ಎಡಗಣ್ಣು ಕಾಣ್ತಿಲ್ಲ, ಚಾರ್ಟು ಬಾಯಿಪಾಠ ಮಾಡಿದಾರೆ ಅಂತ ಮೇಡಂಗೆ ಹೇಳಿದೆ. ಬಾಗಿಲ ಪರದೆ ತೆಗೆದೇ ಇತ್ತು, ಅವರಿಗೂ ಕೇಳಿಸಿರಬೇಕು. ನನ್ನ ದನಿ ನಡುಗಲಿಲ್ಲ. ಧೈರ್ಯವಲ್ಲ ಅದು. ಒಳಗೆ ಏನೂ ಇರಲಿಲ್ಲ, ಅಷ್ಟೇ.

ಮೇಡಂ ಅವರನ್ನು ಹಾಸನದ ಕಣ್ಣಿನ ಡಾಕ್ಟರ ಹತ್ತಿರ ಕಳಿಸಿದರು. ಗ್ಲಾಕೋಮಾ ಅಂದರಂತೆ. ಕಣ್ಣೊಳಗಿನ ಒತ್ತಡ ಏರಿ ನರ ಸೊರಗಿ, ಎಡಗಣ್ಣಲ್ಲಿ ಉಳಿದಿದ್ದು ಬರೀ ಬೆಳಕಿನ ಅಂದಾಜು. ಬಲಗಣ್ಣಿಗೂ ಶುರುವಾಗಿತ್ತು. ಡ್ರಾಪ್ಸ್ ಬಿಟ್ಟುಕೊಂಡರೆ ಅದಾದರೂ ಉಳಿಯುತ್ತದೆ, ಬಸ್ಸು ಮಾತ್ರ ಓಡಿಸಕೂಡದು ಅಂದರಂತೆ. ಮಾಲೀಕರು ಅವರನ್ನು ಬೇಲೂರು ಸ್ಟ್ಯಾಂಡಿನಲ್ಲಿ ಜನರನ್ನು ಕೂಗಿ ಹತ್ತಿಸುವ ಕೆಲಸಕ್ಕೆ ಹಾಕಿದರು.

ಹಾಲಿನ ಡೈರಿ ಹತ್ತಿರ ಡ್ರೈವರ್ ಹೆಂಡತಿ ಸಿಕ್ಕರೂ ಮಾತಾಡಿಸಲಿಲ್ಲ ಅಂತ ಅಮ್ಮ ಹೇಳಿದಳು. ಅಪ್ಪ ಪೇಪರಿನಿಂದ ತಲೆ ಎತ್ತದೆ, "ನೀನು ಮಾಡಿದ್ದು ಸರಿನೇ ಕಣೇ" ಅಂದರು. ನಾನು ಊಟ ಮಾಡಿದೆ. ಮಾರನೇ ದಿನ ಬಸ್ಸಿಗೆ ಹೊಸ ಡ್ರೈವರ್. ನಾನು ಬರುವಷ್ಟರಲ್ಲಿ ಹೊರಟುಹೋಗಿತ್ತು.

ಡಿಗ್ರಿ ಕೊನೆಯ ವರ್ಷ ಮೈಸೂರಿನ ಒಂದು ಕಾಲೇಜಿನಲ್ಲಿ ಇಂಟರ್‌ವ್ಯೂ ಆಯಿತು. ಯಾಕೆ ಈ ಕೋರ್ಸು ಅಂತ ಕೇಳಿದರು. ಡ್ರೈವರ್ ವಿಷಯ ಹೇಳು, ಖಂಡಿತ ಸೀಟು ಕೊಡ್ತಾರೆ ಅಂತ ಗೆಳತಿ ಹೇಳಿಕೊಟ್ಟಿದ್ದಳು. ಬಾಯಿಗೆ ಬಂದಿತ್ತು, ಹೇಳಲಿಲ್ಲ. "ಬೆಳಕಿನ ಪಾಠ ಇಷ್ಟ ಸಾರ್" ಅಂದೆ. ಅಷ್ಟಕ್ಕೇ ಸೀಟು ಸಿಕ್ಕಿತು.

ಆ ತಿಂಗಳು ಏನೋ ಕಾಗದಕ್ಕೆ ಬೇಲೂರು ತಾಲ್ಲೂಕು ಆಫೀಸಿಗೆ ಹೋಗಿದ್ದೆ. ಸ್ಟ್ಯಾಂಡಿನಲ್ಲಿ ಅವರು "ಹಳೇಬೀಡು, ಜಾವಗಲ್, ಅರಸೀಕೆರೆ" ಅಂತ ಕೂಗುತ್ತಿದ್ದರು. ಹತ್ತಿರ ಹೋದಾಗ ಕತ್ತು ಪೂರ್ತಿ ತಿರುಗಿಸಿ ನನ್ನನ್ನು ನೋಡಿದರು.

"ಸೀಟ್ ಸಿಕ್ತಂತೆ."

"ಹೂಂ. ಡ್ರಾಪ್ಸ್ ಬಿಟ್ಕೋತಿದ್ದೀರಾ?"

"ಬಿಟ್ಕೋತೀನಿ. ಹತ್ತವ್ವ, ಬಸ್ ಹೊರಡ್ತೈತೆ."

ಹತ್ತಿ ಕಿಟಕಿ ಪಕ್ಕ ಕೂತೆ. ಸಂತೋಷ, ಮರುಕ, ನಾಚಿಕೆ, ಯಾವುದಾದರೂ ಬರುತ್ತದೆಯೇನೋ ಅಂತ ಕಾದೆ. ಕಂಡಕ್ಟರ್ ಬಂದು "ಏನಮ್ಮಾ, ಹಳೇಬೀಡಿಗೆ ಟಿಕೆಟ್ ತಗಂಡು ಜಾವಗಲ್‌ಗಂಟ ಬಂದಿದ್ದೀಯಲ್ಲ?" ಅಂದಾಗಲೇ ನಮ್ಮೂರು ದಾಟಿದ್ದು ಗೊತ್ತಾಗಿದ್ದು. ಇಳಿದು, ರಸ್ತೆಯ ಆಚೆ ಬದಿಗೆ ಹೋಗಿ, ವಾಪಸ್ ಹೋಗುವ ಬಸ್ಸಿಗೆ ನಿಂತೆ.