ಉಗಾರ ದಾಟಿದರೆ ಕುದಿಯುವ ಜೀಪು

ಆ ಜೀಪನ್ನು ನಾವು ಶೋಕಿಗೆ ಕೊಂಡಿರಲಿಲ್ಲ. ಅವ್ವನ ಗಂಟಲಲ್ಲಿ ಕ್ಯಾನ್ಸರ್ ಗಡ್ಡೆಯಾಗಿತ್ತು. ಮಿರಜದ ದವಾಖಾನೆಯಲ್ಲಿ ದಿನಾ ಯಂತ್ರದ ಕಿರಣ ಹಾಯಿಸಬೇಕಿತ್ತು. ನಮ್ಮ ಕಡೆ ಅದಕ್ಕೆ ಕರೆಂಟು ಕೊಡುವುದು ಅನ್ನುತ್ತಾರೆ. ನಡುವೆ ಸರದಿ ತಪ್ಪಿದರೆ ಕೊಟ್ಟದ್ದೂ ದಂಡ ಎಂದು ಡಾಕ್ಟರು ಗದರಿಸಿಯೇ ಹೇಳಿದ್ದರು. ಕಿರಣ ಬೀಳುವ ಜಾಗಕ್ಕೆ ಗುರುತಾಗಿ ಅವಳ ಕುತ್ತಿಗೆಯ ಮೇಲೆ ನೇರಳೆ ಮಸಿಯ ಗೆರೆ ಎಳೆದಿದ್ದರು. ಬಸ್ಸು ಹತ್ತಿಸಿದರೆ ಚಿಂಚಲಿ ದಾಟುವುದರೊಳಗೆ ವಾಂತಿ. ಹಾಗಾಗಿ ನಿಪ್ಪಾಣಿ ಕಡೆಯವನೊಬ್ಬ ತಂಬಾಕು ಹೇರಿ ಹೇರಿ ಹಣ್ಣು ಮಾಡಿದ್ದ ಡೀಸೆಲ್ ಜೀಪು ನಮ್ಮ ಅಂಗಳಕ್ಕೆ ಬಂತು. ಎಂಬತ್ತರ ದಶಕದ ಕೊನೆಯ ಮಾತು.

ಮೊದಲ ವಾರ ನೆಟ್ಟಗೆ ಓಡಿತು. ಆಮೇಲೆ ಉಗಾರ ದಾಟಿದರೆ ಸಾಕು, ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆಗೆ ಹೋಗಿ ಅಂಟಿಕೊಳ್ಳುತ್ತಿತ್ತು. ಬಾನೆಟ್ಟಿನಿಂದ ಬುಸುಬುಸು ಹಬೆ. ಕಬ್ಬಿನ ಟ್ರ್ಯಾಕ್ಟರುಗಳ ಸಾಲಿನ ಪಕ್ಕ ನಿಲ್ಲಿಸಿ, ಆರುವ ತನಕ ಕಾದು, ಗೋಣಿಚೀಲ ಹಿಡಿದು ರೇಡಿಯೇಟರಿನ ಮುಚ್ಚಳ ತಿರುವಿ, ಕಾಲುವೆಯ ನೀರು ತಂದು ಸುರಿಯುತ್ತಿದ್ದೆ. ಅವ್ವ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತ, "ಮಿರಜ ಮುಟ್ಟತೇವಿಲ್ಲೋ ಯಪ್ಪಾ?" ಎನ್ನುತ್ತಿದ್ದಳು. ನನಗೇನು ಗೊತ್ತು, ಮಣ್ಣು.

ಕಾಗವಾಡದ ಮಿಸ್ತ್ರಿ ಫ್ಯಾನ್ ಬೆಲ್ಟ್ ಬಿಗಿ ಮಾಡಿದ. ಕುದಿಯಿತು. ನೀರಿನ ಪೈಪು ಬದಲಿಸಿದ. ಕುದಿಯಿತು. ಥರ್ಮೋಸ್ಟಾಟ್ ಅನ್ನುವುದು ನಮ್ಮ ಬಿಸಿಲಿಗೆ ಬೇಕೇ ಇಲ್ಲವೆಂದು ಅದನ್ನು ಕಿತ್ತೊಗೆದ. ವಾಟರ್ ಪಂಪು ಬಿಚ್ಚಿ ನೋಡಿ, "ಇದು ಬರೋಬ್ಬರಿ ಐತ್ರಿ, ಏನೂ ಕೆಟ್ಟಿಲ್ಲ," ಎಂದು ಮುಖ ಸಣ್ಣದು ಮಾಡಿದ. ಇನ್ನು ಎಂಜಿನ್ನಿನ ಹೆಡ್ಡೇ ಇಳಿಸಬೇಕು ಎಂದ. ಹೆಡ್ ಇಳಿಸಿದರೆ ಗಾಡಿ ವಾರಗಟ್ಟಲೆ ಮಲಗುತ್ತದೆ. ಅವ್ವನ ಸರದಿ?

ಕೈಮುಗಿಯುವುದೊಂದು ಬಾಕಿ, ಅಷ್ಟು ಗೋಗರೆದ ಮೇಲೆ ಅವನು ರೇಡಿಯೇಟರ್ ಬಿಚ್ಚಿ, ಬೆಸುಗೆ ಬಿಡಿಸಿ ಒಳಗೆ ನೋಡಿದ. ಕೊಳವೆಗಳ ತುಂಬ ಹಳದಿ ರಾಡಿ.

"ಸೋರೋದು ಮುಚ್ಚಾಕ ಅರಿಷಿಣಪುಡಿ ಹಾಕತಾರ್ರಿ. ನಿಮಗ ಮಾರಿದಾಂವ ಟೋಪಿ ಹಾಕ್ಯಾನ."

ಆ ಮಾರಿದವನ ಜನ್ಮ ಜಾಲಾಡಿದೆ. ಊರು ಮುಟ್ಟುವವರೆಗೂ ಬೈದೆ, ಉಣ್ಣುವಾಗಲೂ ಬೈದೆ. ಅವ್ವ ಗಂಜಿಯ ಬಟ್ಟಲು ಹಿಡಿದು ಸುಮ್ಮನೆ ಕೂತಿದ್ದಳು. ನುಂಗಲಿಕ್ಕೆ ತ್ರಾಸಾಗುತ್ತಿದೆ ಅಂದುಕೊಂಡೆ.

ರೇಡಿಯೇಟರ್ ತೊಳೆದ ಮೇಲೆ ಕೆಲವು ದಿನ ಗಾಡಿ ತಣ್ಣಗಿತ್ತು. ಮತ್ತೆ ಮುಳ್ಳು ಏರತೊಡಗಿತು. ಒಂದು ದಿನ ಕಾಗವಾಡದ ಈಚೆ ನಿಂತದ್ದು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಯಾರದೋ ಟೆಂಪೋ ಹಿಡಿದು ಮಿರಜ ಮುಟ್ಟಿದಾಗ ಯಂತ್ರದ ಕೋಣೆಗೆ ಬೀಗ ಬಿದ್ದಿತ್ತು. "ಉದ್ಯಾ ಯಾ," ಎಂದ ಬಾಗಿಲು ಕಾಯುವವ. ನಾಳೆ ಬರಬೇಕಂತೆ. ಅವ್ವ ಆ ಬೀಗವನ್ನೇ ನೋಡುತ್ತ ನಿಂತಳು. ಕಾಯುವವನೂ ಹೊರಟುಹೋದ ಮೇಲೆ ಬಡಿದಾಡಲು ಎದುರಿಗೆ ಯಾರೂ ಇರಲಿಲ್ಲ. ನನಗೆ ಅಳು ಬಂತು.

ಮರುದಿನ ಬೆಳಿಗ್ಗೆ, ರಾತ್ರಿ ಟ್ರ್ಯಾಕ್ಟರಿಗೆ ಕಟ್ಟಿ ಊರಿಗೆ ಎಳೆದು ತಂದಿದ್ದ ಜೀಪಿಗೆ ನೀರು ತುಂಬಿಸಿ, ಅವಳ ಚೀಲ ತರಲು ಒಳಗೆ ಹೋದೆ. ಹೊರಬಂದಾಗ ಅವ್ವ ರೇಡಿಯೇಟರಿನ ಮುಚ್ಚಳ ತೆಗೆದಿದ್ದಳು. ಮಾಯಕ್ಕನ ಗುಡಿಯಿಂದ ತಂದ ಭಂಡಾರ, ಕಾಯಿಲೆ ಬಿದ್ದರೆ ನಾವು ಹಣೆಗೆ ಹಚ್ಚಿಕೊಳ್ಳುವ ಆ ಅರಿಷಿಣಪುಡಿಯನ್ನು, ಹಿಡಿಗಟ್ಟಲೆ ಒಳಗೆ ಸುರಿಯುತ್ತಿದ್ದಳು.

"ಅವ್ವಾ, ಏನ್ ಮಾಡಾಕತ್ತೀ ಬೇ?"

"ಗಾಡಿಗೆ ಜಡ್ಡು ಬಂದೈತಿ. ಅದು ನಿಂತ್ರ ನನ್ನ ಸರದಿ ತಪ್ಪತೈತಿ. ನನ್ನ ಕೈಲೆ ಆಗೂದು ಇದೊಂದ ಐತಿ ನೋಡು."

ದಿನಾ ಹಾಕುತ್ತಿದ್ದಳಂತೆ. ಗಾಡಿ ಹೆಚ್ಚು ಕುದಿದಷ್ಟೂ ಹೆಚ್ಚು. ಮೈಯೆಲ್ಲ ಉರಿದುಹೋಯಿತು, ಆದರೂ ಚೀಲ ಕೆಳಗಿಟ್ಟು ಮೆತ್ತಗೆ, "ಬಾನೆಟ್ಟಿಗೆ ಹಚ್ಚವಾ ಬೇಕಾದ್ರ. ಮ್ಯಾಲ ಹಚ್ಚು," ಎಂದೆ.

"ಒಳಗಿನ ಬ್ಯಾನಿಗೆ ಹೊರಗ ಹಚ್ಚಿದ್ರ ಏನಾಗತೈತೋ?" ಎಂದಳು ಅವ್ವ.

ಅವಳ ಕುತ್ತಿಗೆಯ ನೇರಳೆ ಗೆರೆ ನನ್ನ ಕಣ್ಣೆದುರಿಗೇ ಇತ್ತು. ಅವಳು ಕೈ ಒರೆಸಿಕೊಂಡು ಮುಚ್ಚಳವನ್ನು ನನ್ನ ಕೈಗಿಟ್ಟಳು. "ನಡಿ, ಹೊತ್ತಾತು," ಎಂದು ಜೀಪು ಹತ್ತಿ ಕೂತಳು.