ಕಪಾಟಿನ ಬಾಗಿಲ ಒಳಮೈ

ಕೊಲ್ಲಿ ದೇಶದ ಈ ಸಾಲ್ಮಿಯಾದಲ್ಲಿ, ನಮ್ಮ ಕಟ್ಟಡದ ಲಿಫ್ಟಿನಲ್ಲಿ, ಕನ್ನಡಿಯ ಪಕ್ಕಕ್ಕೆ, ಸದಾ ಒಂದು ಚೀಟಿ ಅಂಟಿರುತ್ತದೆ. ಮಾರಾಟಕ್ಕೆ ಸೋಫಾ, ಫ್ರಿಜ್ಜು, ಮಕ್ಕಳ ಸೈಕಲ್ಲು, ಕೆಳಗೆ ಫ್ಲಾಟಿನ ಸಂಖ್ಯೆ. ಇನ್ನೊಂದು ಸಂಸಾರ ಶಾಶ್ವತವಾಗಿ ಊರಿಗೆ ಹೊರಟಿತೆಂದು ಅದರ ತಾತ್ಪರ್ಯ. ಅಹ್ಮದಿ ಪಟ್ಟಣದಲ್ಲಿರುವ ಕಚೇರಿಯಿಂದ ಹಿಂದಿರುಗಿ ಒಂಬತ್ತನೆಯ ಮಹಡಿಗೆ ಏರುವಷ್ಟರಲ್ಲಿ ನಾನು ಈ ವಿರಕ್ತಿ ಸಾಹಿತ್ಯವನ್ನು ಶ್ರದ್ಧೆಯಿಂದ ಪಾರಾಯಣ ಮಾಡುತ್ತೇನೆ. 'ಇನ್ನೇನು, ಬರುವ ವರ್ಷ ಹೊರಟೇಬಿಡುವುದು' ಎನ್ನುತ್ತ ಇಪ್ಪತ್ತು ವರ್ಷ ಕಳೆಯುವ ನಾವು, ಗಟ್ಟಿ ಮರದ ಸಾಮಾನು ಕೊಂಡರೆ ಎಲ್ಲಿ ಇಲ್ಲೇ ಬೇರು ಬಿಟ್ಟುಬಿಡುತ್ತೇವೋ ಎಂದು ಹೆದರಿ, ಪುಡಿಮರದ ಹಲಗೆಗಳನ್ನು ತಿರುಪಿನಲ್ಲಿ ಬಿಗಿದುಕೊಂಡು ಬದುಕುತ್ತೇವೆ. ಈ ಅನಿತ್ಯಭಾವನೆಗೆ ವೇದಾಂತವೇನೂ ಕಾರಣವಲ್ಲ. ಇಕಾಮಾ ಎಂಬ ವಾಸದ ಪರವಾನಗಿಗೆ ಆಗಾಗ ಆಯುಷ್ಯ ತುಂಬಿಸುವ ಕೆಲಸವೇ ಸಾಕು.

ಕಳೆದ ಚಳಿಗಾಲದಲ್ಲಿ ಎದುರು ಫ್ಲಾಟಿನ ಲಿಲ್ಲಿ ಬಾಯಿಯವರ ಚೀಟಿಯೂ ಬಂತು. ಉಡುಪಿ ಕಡೆಯ ಕೊಂಕಣಿ ಕ್ರೈಸ್ತರು. ಇಲ್ಲಿಯ ಆಸ್ಪತ್ರೆಯೊಂದರಲ್ಲಿ ಮೂವತ್ತು ವರ್ಷ ನರ್ಸಾಗಿದ್ದು ನಿವೃತ್ತರಾಗಿದ್ದರು. ಗಂಡ ಬೋನಿ ಆರು ವರ್ಷದ ಹಿಂದೆ ತೀರಿಕೊಂಡು ಊರಿನ ಇಗರ್ಜಿಯ ಪಕ್ಕದಲ್ಲಿ ಮಲಗಿದ್ದಾರೆ. ಚೀಟಿಯಲ್ಲಿ ಮಂಚದಿಂದ ಇಸ್ತ್ರಿಪೆಟ್ಟಿಗೆಯವರೆಗೆ ಎಲ್ಲವೂ ಇತ್ತು, ಒಂದು ಮರದ ಕಪಾಟಿನ ಹೊರತು. ಮದುವೆಯಾದ ಹೊಸತರಲ್ಲಿ ಬೋನಿ ಇಲ್ಲಿಯ ಶುಕ್ರವಾರದ ಸಂತೆಯಲ್ಲಿ ಕೊಂಡ ಹಳೆಯ ಸಾಮಾನಂತೆ ಅದು. ಅದೊಂದನ್ನು ಹಡಗಿನ ಕಾರ್ಗೋದಲ್ಲಿ ಊರಿಗೆ ಒಯ್ಯುವುದೆಂದು ಅವರು ನಿಶ್ಚಯಿಸಿದ್ದರು.

"ಹೊರಗೆಲ್ಲ ಬಣ್ಣ ಎದ್ದು ಹೋಗಿದೆ. ಪಾಲಿಶ್ ಮಾಡುವವರು ಯಾರಾದ್ರೂ ಗೊತ್ತುಂಟಾ ಮಾರಾಯ್ರೆ?" ಎಂದು ಕೇಳಿದರು.

"ಇನ್ಯಾರೋ ಯಾಕೆ ಲಿಲ್ಲಿ ಬಾಯಿ, ನಾನೇ ಮಾಡಿಕೊಡ್ತೀನಿ!" ಎಂದೆ.

ಓದುಗ ಮಹಾಶಯ, ನನ್ನ ಯೋಗ್ಯತೆಯನ್ನು ಇಲ್ಲಿ ನಿವೇದಿಸಿಕೊಳ್ಳಬೇಕು. ಐವತ್ತು ದಾಟಿದ ಗಂಡಸಿಗೆ ಸಕ್ಕರೆ ಕಾಯಿಲೆಯೋ ಹವ್ಯಾಸವೋ ಎರಡರಲ್ಲೊಂದು ತಗುಲಿಕೊಳ್ಳುತ್ತದೆ. ನನಗೆ ಎರಡೂ ತಗುಲಿದ್ದವು. ಫೋನಿನಲ್ಲಿ ಬಡಗಿತನದ ವೀಡಿಯೋ ನೋಡಿ ನೋಡಿ, ಉಜ್ಜುವ ಯಂತ್ರವೊಂದನ್ನು ತಂದು, ಒಂದು ಸ್ಟೂಲನ್ನು ಜೀರ್ಣೋದ್ಧಾರ ಮಾಡಿದ್ದೆ. ಅದರ ಮೇಲೆ ಕೂರುವ ಧೈರ್ಯ ಮನೆಯಲ್ಲಿ ಯಾರಿಗೂ ಬರದೆ, ನನ್ನ ಹೆಂಡತಿ ಸುಮಾ ಅದರ ಮೇಲೆ ತುಳಸಿಯ ಕುಂಡ ಇಟ್ಟಿದ್ದಳು. ಪೂಜ್ಯಸ್ಥಾನವೇ ಸಿಕ್ಕಿತೆಂದು ನಾನು ಸಮಾಧಾನಪಟ್ಟುಕೊಂಡಿದ್ದೆ.

ಕಪಾಟು ನಮ್ಮ ಬಾಲ್ಕನಿಗೆ ಬಂತು. ಕೆನೆಬಣ್ಣದ ಪೇಂಟನ್ನು ಕೆರೆದಂತೆಲ್ಲ ಒಳಗಿಂದ ಜೇನುಬಣ್ಣದ ಸಾಗುವಾನಿ ಕಾಣಿಸಿತು. ಹಿಂದೆ ಇಲ್ಲಿಯ ಹಾಯಿಹಡಗುಗಳಿಗೆ ಮರ ಬರುತ್ತಿದ್ದದ್ದು ನಮ್ಮ ಪಶ್ಚಿಮ ಕರಾವಳಿಯಿಂದಲೇ. ಈ ಹಲಗೆಗಳೂ ಹಾಗೆಯೇ ಬಂದಿದ್ದರೆ, ನಮಗಿಂತ ಮೊದಲೇ ವಲಸೆ ಬಂದ ಹಿರಿಯರು ಈಗ ಮರಳುತ್ತಿದ್ದಾರೆ ಎಂದು ಭಾವಿಸಿ ಪುಳಕಗೊಂಡೆ. ಪುಳಕ ಬಂದಾಗ ಕೈ ನಿಲ್ಲುವುದಿಲ್ಲ. ಹೊರಮೈ ಮುಗಿದದ್ದೇ ಎಡಬಾಗಿಲ ಒಳಮೈಗೂ ಯಂತ್ರ ಹಿಡಿದೆ. ಅಲ್ಲಿ ಎಣ್ಣೆಯ ಕಲೆ, ಕೊಳೆ, ಅದರ ನಡುವೆ ಪೆನ್ಸಿಲಿನ ಗೀಚು. ಅಂಗಡಿಯವನ ಗುರುತೋ ಏನೋ ಎಂದುಕೊಂಡು, ಹತ್ತು ನಿಮಿಷದಲ್ಲಿ ಬಾಗಿಲನ್ನು ಮಗುವಿನ ಕೆನ್ನೆಯಷ್ಟು ನುಣುಪು ಮಾಡಿದೆ.

ಬಲಬಾಗಿಲಿಗೆ ಕೈ ಹಾಕುವ ಮುನ್ನ, ಧೂಳು ಕೂತಿದ್ದ ಕನ್ನಡಕವನ್ನು ಒರೆಸಿಕೊಂಡೆ. ಅಲ್ಲಿಯೂ ಗೀಚು ಇತ್ತು, ಆದರೆ ಅದು ಬರಿಯ ಗೀಚಾಗಿರಲಿಲ್ಲ. ಕನ್ನಡ ಲಿಪಿಯಲ್ಲಿ, ಒತ್ತೊತ್ತಾಗಿ, ಹೆಸರುಗಳು: ಮಾಂಯ್, ಎಂದರೆ ತಾಯಿ – ಶಾಲು. ಫ್ರಾನ್ಸಿಸ್ – ಟಾರ್ಚು. ಜೆಸಿಂತಾ – ಹಾಲಿನ ಪುಡಿ, ಎರಡು ಕಿಲೋ. ಬಾವಿ ತೋಡುವ ಸಂಕಪ್ಪ – ನೋವಿನ ಮುಲಾಮು. ಊರಿಗೆ ಹೋಗುವ ಪ್ರತಿ ರಜೆಗೂ ಯಾರಿಗೆ ಏನೆಂಬ ಒಂದು ಪಟ್ಟಿ, ಪಟ್ಟಿಯ ಕೆಳಗೆ ಒಟ್ಟು ತೂಕ. ಕೊಲ್ಲಿಯಲ್ಲಿ ದುಡಿಯುವ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವಿಮಾನದವರು ಕೊಡುವ ಕಿಲೋಗಳಲ್ಲಿ ಇಡೀ ಊರನ್ನು ಕೂರಿಸುವ ವಿದ್ಯೆ ಅದು. ಕಪಾಟಿನ ಬಾಗಿಲು ತೆರೆದಿಟ್ಟು, ಎದುರಿಗೆ ರಟ್ಟಿನ ಪೆಟ್ಟಿಗೆ ಹರಡಿಕೊಂಡು, ಬೋನಿ ವರ್ಷವರ್ಷವೂ ಬರೆದದ್ದು. ಅದರ ಅರ್ಧಭಾಗ ನನ್ನ ಕಾಲ ಬಳಿ ಪುಡಿಯಾಗಿ ಬಿದ್ದಿತ್ತು. ಯಂತ್ರದ ಪ್ಲಗ್ಗು ಕಿತ್ತೆ. ಅಯ್ಯೋ, ಎಂಥ ಪಾಪಿ ಕೈ ನನ್ನದು!

ಕಾರ್ಗೋದವರು ಬರಲು ಮೂರೇ ದಿನವಿತ್ತು. ಬಾಗಿಲು ಮುಚ್ಚಿ, ಹಾಳೆ ಸುತ್ತಿ ಕಳಿಸಿಬಿಟ್ಟರೆ ಊರು ಸೇರುವವರೆಗೆ ಯಾರಿಗೂ ತಿಳಿಯದು ಎಂಬ ನೀಚ ಯೋಚನೆಯೂ ಬಂತು, ಬರಲಿಲ್ಲವೆಂದರೆ ಸುಳ್ಳಾಗುತ್ತದೆ. ಕಾಲೇಜಿಗೆ ಹೋಗುವ ಮಗಳು ನೋಡಿ, "ಅಪ್ಪಾ, ಜಸ್ಟ್ ಸೇ ಸಾರಿ," ಎಂದಳು. ಅವಳ ಇಂಗ್ಲಿಷಿನಲ್ಲಿ ಎಲ್ಲವೂ ಸುಲಭ. ಸುಮಾ ಮಾತ್ರ ನೇರವಾಗಿ ಹೇಳಿದಳು: "ಈಗಲೇ ಹೇಳಿಬಿಡಿ. ಅಲ್ಲಿ ಹೋಗಿ ಬಾಗಿಲು ತೆಗೆದ್ರೆ ಪಾಪ, ಅವರು ಯಾರನ್ನ ಬೈಬೇಕು? ಬೈಯೋಕಾದ್ರೂ ನೀವು ಎದುರಿಗಿರಬೇಕಲ್ವಾ?"

ಕರೆದೆ. ಲಿಲ್ಲಿ ಬಾಯಿ ಬಂದರು. ನಾನು ತುಟಿ ಬಿಚ್ಚುವ ಮೊದಲೇ ಅವರು ಎಡಬಾಗಿಲನ್ನು ತೆರೆದಿದ್ದರು. ಬೋಳು ಮರದ ಮೇಲೆ ಅಂಗೈ ಇಟ್ಟು ಮೇಲಿಂದ ಕೆಳಕ್ಕೆ ಸವರಿದರು.

"ನಾನು ಹೇಳಿದ್ದು ಹೊರಗಿಂದು," ಎಂದರು. "ಒಳಗೆ ಕೈ ಹಾಕ್ಲಿಕ್ಕೆ ನಿಮಗೆ ಯಾರು ಹೇಳಿದ್ದು?"

"ತಪ್ಪಾಯ್ತು ಲಿಲ್ಲಿ ಬಾಯಿ. ಓದದೇ ಉಜ್ಜಿಬಿಟ್ಟೆ."

"ಈ ಕಪಾಟು ಬಿಟ್ರೆ ಅವರ ಅಕ್ಷರ ಬೇರೆ ಎಲ್ಲಿಯೂ ಇಲ್ಲ. ಕಾಗದ ಬರಿಯುವ ಜನ ಅಲ್ಲ ಅದು, ಬರೀ ಫೋನು." ಅಷ್ಟು ಹೇಳಿ, ಸುಮಾ ತಂದ ಚಹಾ ಮುಟ್ಟದೆ ಹೊರಟುಹೋದರು. ಮೂವತ್ತು ವರ್ಷ ರೋಗಿಗಳ ಮುಂದೆ ಮುಖ ಬಾಡಿಸದ ಹೆಂಗಸು. ಬಾಗಿಲ ಬಳಿ ಒಮ್ಮೆ ಗೋಡೆ ಹಿಡಿದುಕೊಂಡರು.

ಮಾರನೆಯ ದಿನವಿಡೀ ಆ ಕಪಾಟನ್ನು ನೋಡುತ್ತ ಕೂತೆ. ಹಳೆಯದನ್ನು ಹೊಸದು ಮಾಡುವ ನಮ್ಮ ಉತ್ಸಾಹದಲ್ಲಿ ಹಳೆಯದರ ಮೇಲಿನ ಪ್ರೀತಿಗಿಂತ ನಮ್ಮ ಕೈಚಳಕದ ಮೇಲಿನ ಪ್ರೀತಿಯೇ ಹೆಚ್ಚೇನೋ. ಕೊಳೆ ಯಾವುದು, ಬಾಳು ಯಾವುದು ಎಂದು ಯಂತ್ರಕ್ಕೆ ತಿಳಿಯದು ಸರಿ, ನನಗೆ ತಿಳಿಯಬೇಕಿತ್ತು. ಬಲಬಾಗಿಲ ಒಳಮೈಯನ್ನು ಮುಟ್ಟದೆ ಹಾಗೆಯೇ ಬಿಟ್ಟು, ಉಳಿದದ್ದಕ್ಕೆ ಪಾಲಿಶ್ ಕೊಟ್ಟೆ. ಎಡಬಾಗಿಲ ಒಳಮೈಗೆ ಕೊಡಲು ಮನಸ್ಸು ಬರಲಿಲ್ಲ.

ಕಾರ್ಗೋದವರು ಬರುವ ಬೆಳಿಗ್ಗೆ ಲಿಲ್ಲಿ ಬಾಯಿ ಪೆನ್ಸಿಲ್ ಹಿಡಿದು ಬಂದರು. ಮುಖದಲ್ಲಿ ನಗುವಿರಲಿಲ್ಲ, ಸಿಟ್ಟೂ ಇಳಿದಿತ್ತು.

"ಅಳಿಸಿದವರೇ ಬರೀರಿ," ಎಂದು ಪೆನ್ಸಿಲನ್ನು ನನ್ನ ಕೈಗಿತ್ತು ಎಡಬಾಗಿಲ ಮುಂದೆ ಸ್ಟೂಲಿಲ್ಲದೆ ನೆಲದ ಮೇಲೇ ಕೂತರು. "ಹಳೇದು ಬೇಡ, ಅದು ನಿಮ್ಮ ಕೈಯಲ್ಲಿ ಬರುದಿಲ್ಲ. ಈ ಸರ್ತಿದು ಬರೀರಿ. ಯಾವಾಗಲೂ ನಾನು ಹೇಳುದು, ಅವರು ಬರಿಯುದು."

ಅವರು ಹೇಳಿದರು, ನಾನು ಬರೆದೆ. ತಮ್ಮನ ಹೆಂಡತಿಗೆ ಮಿಕ್ಸಿ. ಜೆಸಿಂತಾಳ ಮೊಮ್ಮಗನಿಗೆ ಬೂಟು. ಸಂಕಪ್ಪನ ಮಗನಿಗೆ ಖರ್ಜೂರ. ಆಮೇಲೆ, "ಬೋನಿ – ದೊಡ್ಡ ಮೇಣದ ಬತ್ತಿ, ನಾಲ್ಕು," ಎಂದರು. ನನ್ನ ಅಕ್ಷರ ಅಲ್ಲಿ ಸೊಟ್ಟಗಾಯಿತು. ಅವರು ತಿದ್ದಲು ಹೇಳಲಿಲ್ಲ.

"ಅಷ್ಟೇ," ಎಂದರು.

ನಾನು ಬಲಬಾಗಿಲ ಪಟ್ಟಿಗಳನ್ನೆಲ್ಲ ಮೇಲಿಂದ ಕೆಳಗೆ ಮತ್ತೊಮ್ಮೆ ಓದಿದೆ. "ಇಷ್ಟು ವರ್ಷದ ಪಟ್ಟಿಯಲ್ಲಿ ನಿಮ್ಮ ಹೆಸರು ಒಂದು ಸಲಾನೂ ಇಲ್ವಲ್ಲ ಲಿಲ್ಲಿ ಬಾಯಿ?"

"ನಾನು ಕೊಂಡುಹೋಗುವವಳಲ್ವಾ ಮಾರಾಯ್ರೆ? ನನಗೆ ಯಾರು ತರುದು?"

ಅವರನ್ನು ಕೇಳದೆಯೇ ನಾನು ಮೇಣದ ಬತ್ತಿಯ ಕೆಳಗೆ ಇನ್ನೊಂದು ಸಾಲು ಬರೆದೆ: ಲಿಲ್ಲಿ – ಕಪಾಟು.

ಅವರು ಮುಂದಕ್ಕೆ ಬಾಗಿ, ಬೆರಳಿಟ್ಟು, ಅಕ್ಷರ ಅಕ್ಷರವಾಗಿ ಓದಿದರು. ಮತ್ತೊಮ್ಮೆ ಓದಿದರು. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಲೇ ನಗು ಬಂತು ಅವರಿಗೆ.

"ತೂಕ ಹಾಕ್ಲಿಲ್ಲ ನೀವು," ಎಂದರು.